ಅಂಚಿನಲ್ಲಿ ನಿಂತ ಸೀಸಿಯಂ

ಅಥವಾ ನನ್ನ ಕಂಪ್ಯೂಟರ್ ಆರಿಹೋದ ಆ ದಿನ ಅಣ್ಣ ಊರಲ್ಲೇ ಇರಲಿಲ್ಲವೇನೋ. ಮೆಟ್ಟಿಲ ಮೇಲೆ ಅವನ ಚಪ್ಪಲಿ ಸದ್ದು ಕೇಳಿದ್ದೆ ಅಂತ ಬರೆದು ಹೊಡೆದುಹಾಕಿದ್ದೇನೆ, ಮತ್ತೆ ಬರೆದಿದ್ದೇನೆ. ಆ ಸದ್ದು ಬೇರೆ ದಿನದ್ದಿರಬಹುದು. ಅವನು ಸಿಟ್ಟಿನಲ್ಲಿ ಮೇಲೆ ಹತ್ತಿ ಬಂದ ದಿನಗಳಿಗೇನು ಕೊರತೆಯೇ?

ಬಳ್ಳಾರಿಯ ನಮ್ಮ ಮನೆಯಲ್ಲಿ ಕೆಳಗೆ ಅಣ್ಣನ ಜೀನ್ಸ್ ಹೊಲಿಗೆ, ಮೇಲಿನ ಕೋಣೆಯಲ್ಲಿ ನನ್ನ ಕಂಪ್ಯೂಟರ್. ಅಣು ಸ್ಥಾವರದ ಕೊಳೆ ನೀರಿನಲ್ಲಿ ವಿಕಿರಣ ಸೂಸುವ ಸೀಸಿಯಂ ಇರುತ್ತದೆ. ಅದನ್ನು ತನ್ನ ಪದರಗಳ ನಡುವೆ ಹಿಡಿದಿಡಬಹುದಾದ ಒಂದು ಜೇಡಿಮಣ್ಣನ್ನು ನಾನು ಕಂಪ್ಯೂಟರಿನ ಲೆಕ್ಕದಲ್ಲೇ ಕಟ್ಟಿ, ಲೆಕ್ಕದಲ್ಲೇ ನೀರು ತುಂಬಿ, ಏನಾಗುತ್ತದೆಂದು ನೋಡುತ್ತಿದ್ದೆ. ಮಣ್ಣನ್ನು ಕೈಯಿಂದ ಮುಟ್ಟಿದ್ದೇ ಇಲ್ಲ. ಮಣ್ಣು ಹಿಡಿಯುತ್ತದೋ ಇಲ್ಲವೋ ಹೇಳದಿದ್ದರೆ ಕೆಲಸ ಬೇರೆಯವರಿಗೆ ಎಂದು ನನ್ನ ಸಂಶೋಧನೆಯ ಮಾರ್ಗದರ್ಶಕರು ಎಚ್ಚರಿಸಿದ್ದರು. ಅಣ್ಣನಿಗೆ ಆ ಕೋಣೆ ಬೇಕಿತ್ತು, ಪ್ಯಾಂಟಿನ ಮೂಟೆಗಳಿಗೆ.

“ಕಣ್ಣಿಗಿ ಕಾಣದ ಕಸ ಬಳೀತೀಯಲ್ಲಲೇ, ಮನಿ ಮುಂದಿನ ಚರಂಡಿ ನೀಲಿ ಹರಿಯಾಕತ್ತೈತಿ, ಅದು ಕಾಣಂಗಿಲ್ಲೇನು?”

“ನಿನ್ನ ಪ್ಯಾಂಟು ತೊಳೆದ ನೀರದು. ನೀನ ಬಳಿ.”

“ಬಳೀತೀನಿ, ಮೊದಲು ಕೋಣಿ ಖಾಲಿ ಮಾಡು. ನಿನ್ನ ಡಬ್ಬಿ ಹಗಲೂ ರಾತ್ರಿ ಗುಂಯ್ ಅಂತೈತಿ, ಒಂದು ಗುಂಡಿಯರ ಹಚ್ಚೈತೇನು?”

ಇದಾದ ಮೇಲೆಯೇ ಇರಬೇಕು. ಮಿರ್ಚಿ ತಿಂದು ಬರುವಷ್ಟರಲ್ಲಿ ಕೋಣೆ ಸದ್ದಿಲ್ಲದೆ ಬಿದ್ದಿತ್ತು. ಪರದೆ ಕಪ್ಪು. ಆಮೇಲೆ ಹಚ್ಚಿ ನೋಡಿದರೆ, ಲೆಕ್ಕ ಉಳಿಸಿದ್ದ ಕಡತ ಅರ್ಧಕ್ಕೇ ಕೆಟ್ಟಿತ್ತು. ಉಳಿದದ್ದು ಒಂದು ಚಿತ್ರ: ಪದರಗಳ ಒಳಗೆ ಗಟ್ಟಿಯಾಗಿ ಕೂತಿದ್ದ ಸೀಸಿಯಂ ಈಗ ಮಣ್ಣಿನ ಅಂಚಿನಲ್ಲಿ. ಮೇನ್ ಸ್ವಿಚ್ ಯಾರೋ ಕೆಳಗೆ ಎಳೆದಿದ್ದರು. ಯಾರೋ ಎಳೆದಿದ್ದರು ಅನ್ನುತ್ತೇನೆ, ಕರೆಂಟ್ ತಾನೇ ಹೋಗಿ, ಗಾಬರಿಯಲ್ಲಿ ನಾನೇ ಎಳೆದಿದ್ದರೂ ಎಳೆದಿರಬಹುದು.

“ನಿಮ್ಮಣ್ಣ ಮನ್ಯಾಗೆಲ್ಲದಾನ? ಕುರುಗೋಡಿಗಿ ಹೋಗ್ಯಾನ, ಮಾಲು ಕೊಡಾಕ,” ಅಂದಳು ಅಮ್ಮ. ಸಂಜೆ ಬಂದ ಅಣ್ಣ, ಸಿರುಗುಪ್ಪ ಬಸ್ಸಿನಿಂದ ಈಗ ಇಳಿದೆ ಅಂದ.

“ಎರಡರಾಗ ಯಾವ ಊರು ಖರೇ?”

“ಪೊಲೀಸನೇನಲೇ ನೀನು? ಟಿಕೀಟು ತೋರಿಸಲೇನು?”

“ತೋರಿಸು.”

ಜೇಬಿಗೆ ಕೈ ಹಾಕಿದ. ಖಾಲಿ ಕೈ ತೆಗೆದು, ನನ್ನ ಮುಖದ ಮುಂದೆ ಬೆರಳು ಅಗಲಿಸಿ ನಕ್ಕ. ಆ ಬೆರಳುಗಳ ತುದಿ ಪ್ಯಾಂಟಿನ ಬಣ್ಣ ಹತ್ತಿ ನೀಲಿಯಾಗಿತ್ತು. ಇದೊಂದು ಮಾತ್ರ ನನಗೆ ಚೆನ್ನಾಗಿ ನೆನಪಿದೆ, ಆದ್ದರಿಂದಲೇ ಆ ನೆನಪಿನ ಮೇಲೆ ಅನುಮಾನ.

ಲೆಕ್ಕವನ್ನು ಮತ್ತೆ ಓಡಿಸಿದರಾಯಿತು ಎನ್ನುವವರಿದ್ದಾರೆ. ಓಡಿಸಲು ಕೋಣೆ ಬೇಕು. ಮರುದಿನ ಅಲ್ಲಿ ಮೂಟೆಗಳಿದ್ದವು. ಕಂಪ್ಯೂಟರ್ ಅಮ್ಮನ ಮಂಚದ ಕೆಳಗೆ.

ಮಾರ್ಗದರ್ಶಕರು ಫೋನ್ ಮಾಡಿ, “ಹಿಡಿಯುತ್ತೋ ಬಿಡುತ್ತೋ, ಒಂದೇ ಮಾತಲ್ಲಿ ಹೇಳಪ್ಪ,” ಅಂದರು. ಹಿಡಿಯುತ್ತದೆ ಅನ್ನಬಹುದಿತ್ತು. ಅವರಿಗೆ ಬೇಕಾದ ಮಾತೂ ಅದೇ. ಗೊತ್ತಿಲ್ಲ ಸರ್, ಅಂದೆ. ಅವರು ಫೋನ್ ಇಟ್ಟರು. ಕೆಲಸ ಬೇರೆಯವರಿಗೆ ಹೋಯಿತು.

ಅಣ್ಣನೊಂದಿಗೆ ಈಗಲೂ ಮಾತಿಲ್ಲ. ಆ ಸೀಸಿಯಂ ಹೊರಗೆ ಹೊರಟಿತ್ತೋ, ಒಳಗೆ ಮರಳುತ್ತಿತ್ತೋ ನನಗೆ ಗೊತ್ತಿಲ್ಲ. ಸ್ವಿಚ್ ಎಳೆದವರು ಯಾರೆಂಬುದೂ ಗೊತ್ತಿಲ್ಲ.