ಸಿಂಧನೂರಿಗೆ ಒಂದು ದಿನ ತಡವಾಗಿ

ಮಂಗಳವಾರ ಮಳೆ ಹಿಡಿದುದರಿಂದ ಬುಧವಾರ, 1954ರ ಜುಲೈ 28ರಂದು, ಲಿಂಗಸುಗೂರಿನಿಂದ ಸಿಂಧನೂರಿಗೆ ಹೊರಟೆ. ದಿನಾಂಕವನ್ನು ಬಸ್ಸಿನ ಚೀಟಿ, ಪಂಚಾಂಗ ಎರಡರಲ್ಲೂ ತಾಳೆ ನೋಡಿ ಬರೆಯುತ್ತಿದ್ದೇನೆ. ಮೂವತ್ತೊಂದು ವರ್ಷ ಶಾಸನಗಳ ಕಾಲನಿರ್ಣಯ ಮಾಡಿ ನಿವೃತ್ತನಾದವನಿಗೆ ಇದು ಬಿಡದ ಅಭ್ಯಾಸ.

ಪ್ರಯಾಣದ ಉದ್ದೇಶ ಒಂದೇ. ಸಿಂಧನೂರಿನ ನಮ್ಮ ಪುಟ್ಟ ಕ್ರೈಸ್ತ ಸಭೆಯ ಉಪದೇಶಿ ಸ್ವಾಮಿದಾಸ ನನಗೆ ಕಾಗದ ಬರೆದಿದ್ದ. ಹದಿನೇಳು ವರ್ಷದ ಮಗಳು ಶಾಂತಮ್ಮನಿಗೆ ಹೊಟ್ಟೆಯ ಬಲಗಡೆ ನೋವು, ಜ್ವರ, ವಾಂತಿ. ಸೋಮವಾರ ಸಂಜೆ ಆ ಕಾಗದವನ್ನು ಲಿಂಗಸುಗೂರಿನ ಡಾಕ್ಟರರಿಗೆ ಓದಿ ಹೇಳಿದೆ. ಅವರು ಒಂದು ಚೀಟಿ ಬರೆದು ನನ್ನ ಕೈಗಿತ್ತು, "ತಡ ಮಾಡಬ್ಯಾಡ್ರಿ. ಹೊತಗೊಂಡಾದರೂ ತರ್ರಿ. ಕೊಯ್ದು ತೆಗೀಬೇಕಾಗ್ತದ" ಎಂದರು.

ಮಸ್ಕಿಯವರೆಗೆ ಸುಮಾರು ಹದಿನೆಂಟು ಮೈಲಿ, ದರ ಹನ್ನೆರಡಾಣೆ. ಮುಂದಿನ ಬಸ್ಸಿಗೆ ಎರಡು ಗಂಟೆ ಕಾಯಬೇಕಾಯಿತು. ಹೋಟೆಲಿನಲ್ಲಿ ಮಿರ್ಚಿ ಭಜಿ ತಿಂದು, ನಿಲ್ದಾಣದ ಬೇವಿನ ಮರದ ಕಟ್ಟೆಯ ಮೇಲೆ ಕುಳಿತು, ಆ ಊರಿನ ಬಂಡೆಯ ಮೇಲಿರುವ ಅಶೋಕನ ಶಾಸನದ ನನ್ನ ಹಳೆಯ ಟಿಪ್ಪಣಿಯನ್ನು ಮತ್ತೊಮ್ಮೆ ಓದಿದೆ. ಅಲ್ಲಿಂದ ಮುಂದೆ ಎರೆಮಣ್ಣಿನ ದಾರಿ. ಕಾಲುವೆ ಕೆಲಸದ ಮಣ್ಣಿನ ಗುಡ್ಡೆಗಳು ಅಲ್ಲಲ್ಲಿ ಕಂಡವು. ಸಿಂಧನೂರು ತಲುಪಿದಾಗ ಸಂಜೆ ಐದು ಗಂಟೆ. ತಿರುಗಿ ಹೋಗುವ ಕೊನೆಯ ಬಸ್ಸು ಆಗಲೇ ಹೊರಟಿತ್ತು.

ಶಾಂತಮ್ಮ ಗೋಡೆಗೆ ಒರಗಿ, ಮೊಣಕಾಲು ಮಡಚಿ ಮಲಗಿದ್ದಳು. ನನ್ನನ್ನು ಕಂಡು ನಕ್ಕಳು.

"ಕಾಕಾ, ಕಲ್ಲು ನೋಡಿ ಕಾಲ ಹೇಳ್ತೀರಿ. ನನ್ನ ಹೊಟ್ಟಿನೋವು ಯಾವ ರಾಜನ ಕಾಲದ್ದು, ಹೇಳ್ರಿ ನೋಡೂಣು."

"ನಿನ್ನ ಬಾಯಿ ಇಷ್ಟು ಜೋರಿದ್ದ ಮ್ಯಾಲ, ರಾಣಿ ಕಾಲದ್ದೇ ಇರಬೇಕು" ಎಂದೆ.

ಸ್ವಾಮಿದಾಸ ಚೀಟಿಯನ್ನು ಎರಡು ಸಲ ಓದಿ ಬೈಬಲಿನೊಳಗೆ ಇಟ್ಟ. "ನಿನ್ನೆ ಬಂದಿದ್ರ ಇವತ್ತ ಮುಂಜಾನೆ ಬಸ್ಸಿಗೇ ಕರಕೊಂಡು ಹೋಗ್ತಿದ್ದೆ, ಅಣ್ಣಾರ. ನಾಳೆ, ನಾಡಿದ್ದು ಉಪವಾಸ ಪ್ರಾರ್ಥನಾ ಐತಿ. ಶನಿವಾರ ಹೋಗೂಣು."

"ಡಾಕ್ಟರು ತಡ ಬ್ಯಾಡ ಅಂದಾರ."

"ಪ್ರಾರ್ಥನಾ ಬಿಟ್ಟು ಹೆಂಗ ಹೋಗೂದ್ರೀ?"

ಉಪದೇಶಿಗೆ ನಾನು ಎದುರಾಡಲಿಲ್ಲ.

ಗುರುವಾರ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಸಭೆಯವರೆಲ್ಲ ಚಾಪೆಯ ಮೇಲೆ ಮೊಣಕಾಲೂರಿ ಹಾಡುತ್ತಿದ್ದರು. ಹೊತ್ತು ಹೋಗದೆ ನಾನು ಸಭೆಯ ದಫ್ತರವನ್ನು ಬಿಚ್ಚಿದೆ. ಎಂಟು ವರ್ಷಗಳ ಉಪವಾಸ ಪ್ರಾರ್ಥನೆಗಳ ದಿನಾಂಕಗಳು ಸ್ವಾಮಿದಾಸನ ದುಂಡು ಅಕ್ಷರದಲ್ಲಿದ್ದವು. ಅಂದು ನಾಗರ ಅಮಾವಾಸ್ಯೆ ಎಂಬುದು ನೆನಪಾಗಿ, ಚೀಲದಲ್ಲಿದ್ದ ಪಂಚಾಂಗ ತೆಗೆದೆ. ಅದರಲ್ಲಿದ್ದುದು ಆ ವರ್ಷದ ತಿಥಿಗಳು ಮಾತ್ರ. ಹಿಂದಿನ ವರ್ಷಗಳ ತಿಥಿಗಳನ್ನು ಕಸುಬಿನ ಲೆಕ್ಕದಿಂದ ಹೊಂದಿಸಿದೆ. ಒಂದೂ ತಪ್ಪಲಿಲ್ಲ. ಪ್ರತಿಯೊಂದು ಉಪವಾಸವೂ ಅಮಾವಾಸ್ಯೆಗೆ ಆರಂಭವಾಗಿ, ಯಾರೂ ಪ್ರಯಾಣ ಹೊರಡದ ಮರುದಿನದ ಕರಿಗೆ ಮುಗಿದಿತ್ತು.

ನಾಚಿಕೆಯಿಂದ ಬರೆಯುತ್ತೇನೆ: ಆ ಕ್ಷಣ ನನಗಾದದ್ದು ಸಂತೋಷ. ಗೆರೆ ಎಳೆದು ಅಂದವಾದ ಪಟ್ಟಿಯೊಂದನ್ನು ಸಿದ್ಧಪಡಿಸಿದೆ. ಪಕ್ಕದ ಕೋಣೆಯಲ್ಲಿ ಹುಡುಗಿ ನರಳುತ್ತಿದ್ದಳು.

ಮಧ್ಯಾಹ್ನ ಪಟ್ಟಿಯನ್ನು ಸ್ವಾಮಿದಾಸನ ಮುಂದಿಟ್ಟೆ. ಅವನು ಬಹಳ ಹೊತ್ತು ನೋಡಿದ. ಅವನ ಮುಖದಲ್ಲಿ ಸಿಕ್ಕಿಬಿದ್ದವನ ಅಂಜಿಕೆ ಇರಲಿಲ್ಲ, ನಿಜವಾದ ಬೆರಗಿತ್ತು.

"ಇದು ನಾ ನೋಡಿ ಇಟ್ಟದ್ದಲ್ರೀ ಅಣ್ಣಾರ. ಆ ದಿವಸ ಬಂತಂದ್ರ ಮನಸಿನ್ಯಾಗ ಭಾರ ಆಗತೈತಿ. ದೇವರು ಪ್ರಾರ್ಥನಾಕ್ಕ ಕರಿಯಾಕತ್ತಾನ ಅಂತ ತಿಳಕೊಂಡಿದ್ದೆ."

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಮರಿಯಮ್ಮ ಮಾತ್ರ ನೇರವಾಗಿಯೇ ಹೇಳಿದಳು: "ಅಮಾಸಿಗೆ ಹರೇದ ಹುಡುಗಿ ಹಳ್ಳ ದಾಟಬಾರದಂತ ನಮ್ಮತ್ತಿ ಹೇಳ್ತಿದ್ದಳ್ರೀ. ನಾವು ಅದನ್ನೆಲ್ಲ ಬಿಟ್ಟೀವಿ. ಈಗ ಪ್ರಾರ್ಥನಾ ಮಾಡ್ತೀವಿ."

"ಹಂಗಾರ ಈಗಲೇ ಬಂಡಿ ಕಟ್ಟಸ್ರಿ, ಕೊನೇ ಬಸ್ಸಿಗಾದ್ರೂ ಮುಟ್ಟೂಣು" ಎಂದೆ.

ಸ್ವಾಮಿದಾಸ ಎದ್ದು ಅಂಗಳದವರೆಗೆ ಹೋದ. ಕೆರವು ಮೆಟ್ಟಿದ. ಸ್ವಲ್ಪ ಹೊತ್ತು ನಿಂತ. ಕೆರವು ಬಿಟ್ಟು ಒಳಗೆ ಬಂದು ಮೊಣಕಾಲೂರಿದ. ನಾನೇ ಹೋಗಿ ಬಂಡಿ ತರಬಹುದಾಗಿತ್ತು. ತರಲಿಲ್ಲ, ತಂದೆ ತಾಯಿ ಇರುವಾಗ ನಾನಾರು ಎಂದುಕೊಂಡೆ.

ಶುಕ್ರವಾರ ಮಧ್ಯಾಹ್ನ ಶಾಂತಮ್ಮನ ನೋವು ಇದ್ದಕ್ಕಿದ್ದಂತೆ ನಿಂತಿತು. ಅವಳು ಗಂಜಿ ಬೇಡಿದಳು. ಮರಿಯಮ್ಮ ಅಳುತ್ತ, "ಕೇಳ್ಯಾನ್ರೀ, ದೇವರು ಕೇಳ್ಯಾನ" ಎಂದಳು. ಸಭೆಯವರು ಸ್ತೋತ್ರ ಹಾಡಿದರು. ನಾನೂ ದನಿಗೂಡಿಸಿದೆ, ಪಟ್ಟಿಯನ್ನು ಮಡಚಿ ಚೀಲದಲ್ಲಿಟ್ಟೆ. ಒಳಗಿನ ಬಾವು ಒಡೆದಾಗ ನೋವು ಹಾಗೆ ಸ್ವಲ್ಪ ಹೊತ್ತು ನಿಲ್ಲುತ್ತದೆಂದು ಡಾಕ್ಟರರು ಆಮೇಲೆ ಹೇಳಿದರು.

ಶನಿವಾರ ಬೆಳಿಗ್ಗೆ ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಮೊದಲ ಬಸ್ಸಿಗೇ ಹೊರಟೆವು. ಕಂಡಕ್ಟರ್ ಹಿಂದಿನ ಉದ್ದ ಸೀಟನ್ನು ಬಿಡಿಸಿಕೊಟ್ಟು, ದುಡ್ಡು ಮುಟ್ಟಲಿಲ್ಲ. "ಸಾವಕಾಶ ಹೊಡಿಯೋ ಮಾರಾಯಾ, ತೆಗ್ಗು ನೋಡಿ" ಎಂದು ಡ್ರೈವರನಿಗೆ ಕೂಗುತ್ತಲೇ ಇದ್ದ. ಮಸ್ಕಿಯಲ್ಲಿ ಬಸ್ಸು ಬದಲಿಸಬೇಕಿತ್ತು. ನಾನು ಶಾಸನದ ಟಿಪ್ಪಣಿ ಓದುತ್ತ ಕುಳಿತಿದ್ದ ಕಟ್ಟೆಯ ಮೇಲೆಯೇ ಅವಳನ್ನು ಮಲಗಿಸಿದೆವು. ಅವಳು ನೀರು ಕೇಳಿದಳು. ತಂದು ಕೊಡುವಷ್ಟರಲ್ಲಿ ಕುಡಿಯುವ ಸ್ಥಿತಿಯಲ್ಲಿರಲಿಲ್ಲ. ಗಡಿಯಾರ ನೋಡಿದೆ: ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಇಂಥದನ್ನೂ ನೋಡುವ ಅಭ್ಯಾಸಕ್ಕೆ ಏನೆನ್ನಬೇಕೋ ತಿಳಿಯದು.

ಸಿಂಧನೂರಿಗೆ ಶವವನ್ನು ಒಯ್ಯಲು ಬಂಡಿ ಸಿಕ್ಕಿತು. ಹತ್ತುವ ಮುನ್ನ ಸ್ವಾಮಿದಾಸ ನನ್ನ ಕಡೆ ತಿರುಗಿದ.

"ಅಣ್ಣಾರ, ಸೋಮವಾರ ಸಂಜಿಗೇ ಚೀಟಿ ಸಿಕ್ಕಿತ್ತಲ್ಲ. ಮಂಗಳಾರ ಬಸ್ ಇದ್ದಿಲ್ಲೇನ್ರೀ?"

"ಮಳೆ ಇತ್ತಪ್ಪಾ."

"ನಮ್ಮ ಕಡೆ ಒಂದ್ ಹನಿನೂ ಬಿದ್ದಿಲ್ರೀ" ಎಂದನು. ಅದರಲ್ಲಿ ಆಪಾದನೆಯಿರಲಿಲ್ಲ.

ಮಣ್ಣು ಮಾಡಿ, ಸೋಮವಾರ ಲಿಂಗಸುಗೂರಿಗೆ ಮರಳಿದೆ. ಡಾಕ್ಟರರನ್ನು ಕಂಡು ನಡೆದುದನ್ನು ಹೇಳಿ ಮನೆಗೆ ಬಂದು, ದಿನಚರಿ ತೆರೆದೆ. ಜುಲೈ 27, ಮಂಗಳವಾರ. ನನ್ನದೇ ಅಕ್ಷರ: "ನಿಚ್ಚಳ ಬಿಸಿಲು. ಪುಸ್ತಕಗಳನ್ನು ಅಂಗಳದಲ್ಲಿ ಹರವಿದೆ."

ಮೂವತ್ತೊಂದು ವರ್ಷಗಳ ಪ್ರವಾಸದ ದಿನಚರಿಗಳನ್ನು ಕೆಳಗಿಳಿಸಿ, ಹೊರಟ ದಿನಗಳನ್ನೆಲ್ಲ ಪರಿಶೀಲಿಸಿದೆ. ಒಂದೂ ಮಂಗಳವಾರವಿಲ್ಲ. ಹೊರಡಬೇಕಾಗಿದ್ದ ಮಂಗಳವಾರಗಳಿಗೆಲ್ಲ ಒಂದೊಂದು ಕಾರಣ ಬರೆದಿಟ್ಟಿದ್ದೆ: ತಲೆನೋವು, ಅತಿಥಿಗಳು, ಚಕ್ಕಡಿಯ ಗಾಲಿ. ದೀಕ್ಷಾಸ್ನಾನ ಪಡೆದ ಮೇಲೂ ನಮ್ಮವ್ವ ಮಂಗಳವಾರ ಯಾರನ್ನೂ ಪ್ರಯಾಣಕ್ಕೆ ಹೊಸ್ತಿಲು ದಾಟಗೊಡುತ್ತಿರಲಿಲ್ಲ. ಅದನ್ನು ನಾನು ಎಂದೋ ಬಿಟ್ಟೆನೆಂದು ತಿಳಿದಿದ್ದೆ. ಸ್ವಾಮಿದಾಸನ ದಫ್ತರದಲ್ಲಿ ಎಂಟು ವರ್ಷಗಳಿದ್ದವು, ನನ್ನದರಲ್ಲಿ ಮೂವತ್ತೊಂದು.

ಈ ಕಥನದ ಮೊದಲ ವಾಕ್ಯವನ್ನು ಮಸ್ಕಿಯ ಕಟ್ಟೆಯ ಮೇಲೆ, ಹೋಗುವಾಗಲೇ ಬರೆದಿದ್ದೆ. ತಿದ್ದದೆ ಹಾಗೆಯೇ ಬಿಟ್ಟಿದ್ದೇನೆ. ಅದನ್ನು ಬರೆಯುವಾಗ ನಾನು ಸುಳ್ಳು ಹೇಳುತ್ತಿದ್ದೇನೆಂದು ನನಗೆ ತಿಳಿದಿರಲಿಲ್ಲ.