ಬೆಳಕಿಗಿಂತ ಮುಂದೆ ಹೋಗಬೇಕೆಂದಿದ್ದ ಮಾಸ್ತರರು

ಇದು ಹೀಗೆಯೇ ನಡೆಯಿತು ಎಂದು ನಾನು ಪ್ರಮಾಣ ಮಾಡಲಾರೆ. ಕಳೆದ ತಿಂಗಳು ಪುಣೆಯ ಪೇಟೆಯಲ್ಲಿ ಹಗ್ಗದ ಅಂಗಡಿಯೊಂದರ ಮುಂದೆ ಹಾದುಹೋಗುವಾಗ ಮಳೆಗೆ ನೆನೆದ ತೆಂಗಿನ ನಾರಿನ ವಾಸನೆ ಮೂಗಿಗೆ ಬಡಿಯಿತು. ಕೂಡಲೇ ಕಾರವಾರದ ದಂಡೆ, ರಂಪಣಿ ಬಲೆ, ಮಡಿಸಿದ ಛತ್ರಿ ಹಿಡಿದು ಮರಳಲ್ಲಿ ನಿಂತ ನಮ್ಮ ವಿಜ್ಞಾನದ ಮಾಸ್ತರರು... ಎಲ್ಲವೂ ಒಟ್ಟಿಗೆ ಎದುರು ಬಂದವು. ಒಟ್ಟಿಗೆ ಬಂದದ್ದೇ ನನ್ನ ಅನುಮಾನಕ್ಕೆ ಕಾರಣ. ನೆನಪು ಇಷ್ಟು ಅಚ್ಚುಕಟ್ಟಾಗಿ ಬಂದರೆ ಯಾರೋ ಅದನ್ನು ತಿದ್ದಿದ್ದಾರೆ ಎಂದೇ ಅರ್ಥ. ತಿದ್ದುವುದಕ್ಕೆ ನಾನಲ್ಲದೆ ಅಲ್ಲಿ ಬೇರೆ ಯಾರಿದ್ದಾರೆ?

ಮೂವತ್ತರ ದಶಕದ ನಡುವಿನ ಮಾತು. ಪುಣೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದ ನಾನು ರಜೆಗೆ ಊರಿಗೆ ಬಂದಿದ್ದೆ. ಹೈಸ್ಕೂಲಿನಲ್ಲಿ ನನಗೆ ಕಲಿಸಿದ ಮಾಸ್ತರರ ಮನೆ ಚಿತ್ತಾಕುಲದಲ್ಲಿ. ದಿನವೂ ದೋಣಿಯಲ್ಲಿ ಕಾಳಿ ನದಿ ದಾಟಿ ಕಾರವಾರದ ಶಾಲೆಗೆ ಬರುತ್ತಿದ್ದರು. ಆ ವರ್ಷ ಅವರಿಗೆ ನಿವೃತ್ತಿ. ಅಂಕೋಲೆಯ ವಾಚನಾಲಯದವರು ಭಾಷಣಕ್ಕೆ ಕರೆದಿದ್ದರು. ವಿಷಯವನ್ನು ಅವರೇ ಆರಿಸಿಕೊಂಡಿದ್ದರು: ಮನುಷ್ಯ ನಕ್ಷತ್ರಗಳಿಗೆ ಹೋಗಬಲ್ಲನೇ? ತರಗತಿಯಲ್ಲಿ ನಮಗೆಲ್ಲ "ಹೋಗ್ತಾನೆ, ನೋಡ್ತಾ ಇರಿ" ಎಂದು ಹೇಳುತ್ತ ಬಂದವರು ಅವರು. ಆದರೆ ಮಕ್ಕಳ ಮುಂದೆ ಹೇಳುವುದು ಬೇರೆ, ನಾಲ್ಕು ಜನ ದೊಡ್ಡವರ ಮುಂದೆ ಹೇಳುವುದು ಬೇರೆ. ನಿವೃತ್ತಿಯ ಹೊತ್ತಿಗೆ ಸಭೆಯಲ್ಲಿ ನಿಂತು ಸುಳ್ಳು ಹೇಳಲು ಅವರಿಗೆ ಮನಸ್ಸಿರಲಿಲ್ಲ. ಅದಕ್ಕೇ ನನ್ನನ್ನು ಹಿಡಿದುಕೊಂಡರು.

"ಒಂದು ದಾರಿ ತೋರಿಸು ತಮಾ. ಒಂದೇ ಸಾಕು. ಉಳಿದದ್ದು ನಾ ನೋಡ್ಕಂತೆ."

ನಾನು ದಾರಿ ತೋರಿಸಲಿಲ್ಲ, ಗೋಡೆ ತೋರಿಸಿದೆ. ತೀರ ಹತ್ತಿರದ ನಕ್ಷತ್ರದಿಂದ ಬೆಳಕು ಬರುವುದಕ್ಕೇ ನಾಲ್ಕು ವರ್ಷಕ್ಕಿಂತ ಹೆಚ್ಚು ಬೇಕು, ಉಳಿದವುಗಳಿಂದ ನೂರಾರು, ಸಾವಿರಾರು ವರ್ಷ. ಬೆಳಕಿನ ವೇಗ ಹತ್ತಿರವಾದಂತೆ ಇನ್ನಷ್ಟು ವೇಗಕ್ಕೆ ಬೇಕಾಗುವ ಶಕ್ತಿ ಮಿತಿಯಿಲ್ಲದೆ ಏರುತ್ತದೆ. ಆ ವೇಗವನ್ನು ಯಾವ ವಸ್ತುವೂ ಮುಟ್ಟಲಾರದು, ದಾಟುವ ಮಾತಂತೂ ಇಲ್ಲ. ಹೊಸದಾಗಿ ಕಲಿತ ಪಾಠ, ಹೇಳುವಾಗ ನನಗೆ ಖುಷಿಯೂ ಇತ್ತು. ಬೆಳಕಿನ ವೇಗದ ಹತ್ತಿರ ಹತ್ತಿರ ಹೋದವನಿಗೆ ಕಾಲ ನಿಧಾನವಾಗುತ್ತದೆ ಎಂಬುದನ್ನೂ ಹೇಳಿದೆ. ಹಾಗೆ ಹೋದರೆ ದೂರದ ನಕ್ಷತ್ರದ ಪ್ರಯಾಣವೂ ಅವನ ಆಯುಷ್ಯದೊಳಗೇ ಮುಗಿಯಬಹುದು. ಆದರೆ ತಿರುಗಿ ಬರುವಷ್ಟರಲ್ಲಿ ಊರಿನಲ್ಲಿ ಕಾದವರು ಯಾರೂ ಉಳಿದಿರುವುದಿಲ್ಲ.

"ಥೂ, ಅದೆಂಥ ಪ್ರಯಾಣ ಮಾರಾಯಾ!" ಎಂದರು. "ಹೋಗಿ ಬಂದದ್ದ ಹೇಳೂಕೆ ಜನ ಬೇಕಲ್ಲ. ಬೆಳಕಿಗಿಂತ ಬೇಗ ಹೋಗ್ಲೇಬೇಕು. ಇಲ್ಲಾಂದ್ರೆ ಅದು ಪ್ರಯಾಣ ಅಲ್ಲ, ಗಡಿಪಾರು."

ಮರುದಿನ ನನ್ನನ್ನು ದಂಡೆಗೆ ಎಳೆದುಕೊಂಡು ಹೋದರು. ಅಲ್ಲಿ ರಂಪಣಿ ಎಳೆಯುತ್ತಿದ್ದರು. ಮೀನನ್ನು ಸುತ್ತುವರಿಯುವಂತೆ ಸಮುದ್ರದಲ್ಲಿ ಬಿಟ್ಟ ದೊಡ್ಡ ಬಲೆ. ಅದರ ಎರಡು ತುದಿಯ ಹಗ್ಗಗಳನ್ನು ದಂಡೆಯ ಮೇಲೆ ದೂರ ದೂರ ನಿಂತ ಎರಡು ಗುಂಪು ಎಳೆಯುತ್ತವೆ. ಮಾಸ್ತರರು ಚಿಕ್ಕಂದಿನಿಂದ ಅದನ್ನು ನೋಡಿದವರು. ಈ ತುದಿಯಲ್ಲಿ ಎಳೆದ ಕ್ಷಣವೇ ಆ ತುದಿಯೂ ಬಿಗಿಯುತ್ತದೆ, ನಡುವೆ ಚೂರೂ ಹೊತ್ತು ಹೋಗುವುದಿಲ್ಲ ಎಂಬುದು ಅವರ ನಂಬಿಕೆ. ಹಾಗಾದರೆ ನಕ್ಷತ್ರದವರೆಗೂ ಒಂದು ಹಗ್ಗವಿದ್ದರೆ? ಇಲ್ಲಿ ಎಳೆದದ್ದು ಅಲ್ಲಿ ಆಗಲೇ ತಿಳಿಯಬೇಕು. ಸುದ್ದಿ ಬೆಳಕನ್ನು ಹಿಂದೆ ಹಾಕಿತು ಎಂದಾಯಿತು. ಸುದ್ದಿ ಹೋದ ದಾರಿಯಲ್ಲಿ ಎಂದಾದರೂ ಮನುಷ್ಯನೂ ಹೋದಾನು.

ನಾನು ನಡುವೆ ನಿಂತಿದ್ದ ತಾಂಡೇಲನನ್ನು ತೋರಿಸಿದೆ. ಇಡೀ ತಂಡದ ಮುಖಂಡ ಅವನು. ಅವನು ತಲೆಯ ವಸ್ತ್ರ ಬಿಚ್ಚಿ ಬೀಸಿದಾಗಲೇ ಎರಡೂ ಗುಂಪು ಒಟ್ಟಿಗೆ ಎಳೆಯುತ್ತಿದ್ದವು.

"ಹಗ್ಗ ಎಂತದೂ ಹೇಳೂದಿಲ್ಲ, ಮಾಸ್ತರೆ. ಅವರು ವಸ್ತ್ರ ನೋಡಿ ಎಳೀತಾರೆ. ಸುದ್ದಿ ಒಯ್ದದ್ದು ಬೆಳಕೇ."

ಮಾಸ್ತರರು ತಾಂಡೇಲನ ಕಡೆ ನಡೆದರು. ಬಲೆ ದಡ ಸೇರಿ, ಬಂಗಡೆ ಮೀನು ಬುಟ್ಟಿಗೆ ಬಿದ್ದ ಮೇಲೆ ಒಂದು ಹಗ್ಗವನ್ನು ಮರಳ ಮೇಲೆ ಉದ್ದಕ್ಕೆ ಬಿಗಿದು ಹಿಡಿಯಬೇಕು, ವಸ್ತ್ರ ಬೀಸಬಾರದು ಎಂದು ಕೇಳಿಕೊಂಡರು.

"ಮಾಸ್ತರೆ, ನೀವು ಮೀನು ತಕಂಡೋಗೂಕೆ ಬಂದ್ರಿ, ಇಲ್ಲಾ ನಮ್ಮ ಹಗ್ಗಕ್ಕೆ ಪರೀಕ್ಷೆ ಇಟ್ರಿ?" ಎಂದ ತಾಂಡೇಲ.

"ಪರೀಕ್ಷೆ ಇವನಿಗೆ" ಎಂದು ಮಾಸ್ತರರು ನನ್ನನ್ನು ತೋರಿಸಿದರು.

"ಹಂಗಾರೆ ಫೇಲ್ ಮಾಡಿ ಬಿಡಿ. ಇಲ್ಲಿ ಎಳೆದ್ರೆ ಅಲ್ಲಿ ಬರ್ತದೆ. ಅದಕ್ಕೆ ಕಾಲೇಜು ಬೇಕನಾ?" ಸುತ್ತಲಿದ್ದವರೆಲ್ಲ ನಕ್ಕರು.

ನಾನು ಆ ತುದಿ ಹಿಡಿದು ನಿಂತೆ. ಮಾಸ್ತರರು ಎಳೆಯುವಾಗಲೇ ಛತ್ರಿ ಎತ್ತಬೇಕು ಎಂದು ಮಾತಾಗಿತ್ತು. ಛತ್ರಿ ಮೇಲೆದ್ದಿತು. ಹಗ್ಗ ಕೈಯಲ್ಲಿ ಜಗ್ಗಿತು, ಒಂದು ಗಳಿಗೆ ತಡವಾಗಿ. ತಡವಾಗಿಯೇ ಜಗ್ಗಿತೇ? ಆಗ ಹೌದು ಎಂದೆ. ಈಗ ಕೇಳಿದರೆ ಗೊತ್ತಿಲ್ಲ ಎನ್ನುತ್ತೇನೆ. ಅವಸರದಲ್ಲಿ ಛತ್ರಿಯೇ ಮೊದಲು ಎದ್ದಿರಬಹುದು. ತಡ ಕಾಣಬೇಕೆಂದು ನಿಂತವನಿಗೆ ತಡವೇ ಕಂಡಿರಬಹುದು. ಇನ್ನೊಮ್ಮೆ ಮಾಡಿದೆವು, ಮತ್ತೊಮ್ಮೆ ಮಾಡಿದೆವು. ಒಮ್ಮೆಯೂ ಇಬ್ಬರಿಗೂ ಒಪ್ಪುವ ಉತ್ತರ ಬರಲಿಲ್ಲ. ಇದು ಪ್ರಯೋಗವೇ ಆಗಿರಲಿಲ್ಲ ಎಂದು ಇವತ್ತಿಗೂ ಸಿಟ್ಟು ಬರುತ್ತದೆ.

"ನಾರಿನ ಹಗ್ಗ ಹಿಗ್ತದೆ" ಎಂದರು ಮಾಸ್ತರರು, ಬೆವರು ಒರೆಸಿಕೊಳ್ಳುತ್ತ. "ಕಬ್ಬಿಣದ ಸರಳಾದ್ರೆ?"

"ಅದೂ ಹಿಗ್ತದೆ. ಎಳೆತ ಅದರೊಳಗೂ ಹೆಜ್ಜೆ ಹೆಜ್ಜೆ ಹೋಗ್ತದೆ. ಹಿಗ್ಗದೇ ಇರೂ ವಸ್ತು ಲೋಕದಲ್ಲೇ ಇಲ್ಲ."

"ಇಲ್ಲ, ಇಲ್ಲ, ಇಲ್ಲ! ಆ ಕಾಲೇಜಲ್ಲಿ ಇಲ್ಲ ಅನ್ನೂದು ಬಿಟ್ಟು ಬೇರೆ ಎಂತ ಕಲಿಸ್ತ್ರು ತಮಾ?"

ಸಂಜೆ ಅವರನ್ನು ಮನೆಗೆ ಬಿಡಲು ನಾನೂ ದೋಣಿ ಹತ್ತಿದೆ. ನನ್ನ ಹಳೆಯ ಸಹಪಾಠಿಯೊಬ್ಬನೂ ಜೊತೆಗಿದ್ದ. ಇಳಿತದ ಹೊತ್ತು. ಅಂಬಿಗ ಎಷ್ಟು ಹುಟ್ಟು ಹಾಕಿದರೂ ದೋಣಿ ನೇರ ದಾಟದೆ ಸಮುದ್ರದ ಬಾಯಿಯತ್ತ ಜಾರುತ್ತಿತ್ತು. ಮಾಸ್ತರರು ನೀರನ್ನೇ ನೋಡುತ್ತಿದ್ದರು. ಆಗ ಅವರು ಹೇಳಿದ್ದು ಇದು, ಅಥವಾ ಹೇಳಿದರೆಂದು ನನಗೆ ಅನಿಸುವುದು ಇದು:

"ದೋಣಿ ಓಡೂಕೆ ಮಿತಿ ಇದೆ ಅಂತಿ. ಇರ್ಲಿ. ನೀರಿಗೆ ಮಿತಿ ಇದ್ಯನಾ? ಆ ನಕ್ಷತ್ರಗಳ ನಡುವಿನ ಬಯಲೇ ಹರಿದ್ರೆ?"

"ಬಯಲು ಹರಿಯೂದಿಲ್ಲ, ಮಾಸ್ತರೆ. ಅದು ನೀರಲ್ಲ" ಎಂದೆ.

ಅವರು ತಲೆಯಾಡಿಸಿದರು. ದಡ ಬಂತು.

ಅಂಕೋಲೆಯ ಭಾಷಣಕ್ಕೆ ನಾನೂ ಹೋಗಿದ್ದೆ. ಉಪ್ಪಿನ ಸತ್ಯಾಗ್ರಹ ಕಂಡ ಊರು. ಯಾರು ಏನು ಮಾತಾಡಿದರೂ ಜನ ಸೇರುತ್ತಿದ್ದರು, ಬರೆದುಕೊಳ್ಳಲು ಪೊಲೀಸನೊಬ್ಬ ಹಿಂದೆ ಕೂರುತ್ತಿದ್ದ. ಅವರ್ಸಾದಿಂದ ನಡೆದು ಬಂದವರೂ ಇದ್ದರು. ಮಾಸ್ತರರು ಎದ್ದು ನಿಂತು, ವಿಷಯ ಬದಲಾಗಿದೆ ಎಂದು ಕ್ಷಮೆ ಕೇಳಿ, ಕುಡಿಯುವ ನೀರನ್ನು ಕುದಿಸಬೇಕಾದ ಅಗತ್ಯದ ಬಗ್ಗೆ ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ಹಿಂದಿನಿಂದ ಯಾರೋ, "ನಕ್ಷತ್ರದಲ್ಲಿ ನೀರು ಕುದಿಸೂಕೆ ಮಡಕೆ ಸಿಗೂದಿಲ್ಲಾ ಕಾಣ್ತದೆ" ಎಂದರು. ಸಭೆ ನಕ್ಕಿತು. ಮಾಸ್ತರರೂ ನಕ್ಕರು.

ಮುಂದಿನ ರಜೆಗೆ ಬಂದಾಗ ಅವರಿರಲಿಲ್ಲ. ಜ್ವರವೆಂದರು, ಎದೆನೋವೆಂದರು, ಅದೂ ಒಬ್ಬೊಬ್ಬರ ಬಾಯಲ್ಲಿ ಒಂದೊಂದು.

ದೋಣಿಯ ಆ ಮಾತೇ ಈಗ ನನ್ನನ್ನು ಕಾಡುವುದು. ಸಹಪಾಠಿಯನ್ನು ಕೇಳಿದರೆ, "ಅಂಥಾದ್ದೆಂತದೂ ಇಲ್ಲಾ ಮಾರಾಯಾ. ಛತ್ರಿ ದಂಡೆ ಮೇಲೇ ಬಿಟ್ಟು ಬಂದೆ ಅಂತ ದಾರಿ ಪೂರಾ ಗೊಣಗ್ತಿದ್ರು" ಎನ್ನುತ್ತಾನೆ. ಅವನದೇ ಸರಿಯಿರಬಹುದು. ಮುಂದೆ ಓದಿದ ಯಾವುದೋ ಪುಸ್ತಕದ ಮಾತನ್ನು ನಾನೇ ಅವರ ಬಾಯಿಗೆ ಇಟ್ಟಿರಬಹುದು. ಆದರೆ ಅವರು ಮರಾಠಿ ಮಾಸಿಕಗಳನ್ನು ಬಿಡದೆ ಓದುತ್ತಿದ್ದವರು. ದೂರದ ನೀಹಾರಿಕೆಗಳು ನಮ್ಮಿಂದ ಸರಿದು ಹೋಗುತ್ತಿವೆ ಎಂಬ ಸುದ್ದಿ ಆ ಹೊತ್ತಿಗಾಗಲೇ ಲೋಕದಲ್ಲಿ ಹಬ್ಬಿತ್ತು, ಅವರ ಕಣ್ಣಿಗೂ ಬಿದ್ದಿರಬಹುದು. ಕೇಳೋಣವೆಂದರೆ ಕೇಳಬೇಕಾದವರಿಲ್ಲ. ಅವರ ದನಿಯೂ ನನಗೆ ಸರಿಯಾಗಿ ನೆನಪಿಲ್ಲ, ಅದು ಮಾತಿಗಿಂತ ದೊಡ್ಡ ನಷ್ಟ...

ಮಾತು ಯಾರದೇ ಇರಲಿ, ಅದರೊಳಗಿನ ಒಂದು ಸಂಗತಿಯನ್ನು ಆಮೇಲೆ ನಾನು ಕೂತು ಪರಿಶೀಲಿಸಿದೆ. ಲೆಕ್ಕ ಹಾಕಿದೆ, ನನಗಿಂತ ಬಲ್ಲವರನ್ನು ಕೇಳಿದೆ. ಆಗ ನೀಹಾರಿಕೆ ಎನ್ನುತ್ತಿದ್ದ, ತೀರ ದೂರದ ಗೆಲಾಕ್ಸಿಗಳು ನಮ್ಮಿಂದ ಬೆಳಕಿಗಿಂತ ಹೆಚ್ಚಿನ ವೇಗದಲ್ಲಿ ದೂರವಾಗುತ್ತಿವೆ. ಅವು ಓಡುತ್ತಿಲ್ಲ, ನಡುವಿನ ಬಯಲೇ ಬೆಳೆಯುತ್ತಿದೆ. ಅದರ ಮೇಲೆ ಕೂತು ಎಲ್ಲಿಗಾದರೂ ಹೋಗಿ ಬರುವ ಉಪಾಯ ಯಾರಿಗೂ ಗೊತ್ತಿಲ್ಲ. ಆದರೆ ಬಯಲಿಗೆ ಆ ಮಿತಿ ಇಲ್ಲ. ಇದು ಖರೆ.