ಅವ್ವನ ಅಳತೆಯ ಬಂದೂಕು

ನಮ್ಮ ಮನೆತನಕ್ಕೆ ಮೊದಲು ಬಂದದ್ದು ನನ್ನ ಬಿ.ಎ., ಆಮೇಲೆ ಬಂದದ್ದು ಬಂದೂಕು. ಬಿ.ಎ.ಗೆ ಹೆಚ್ಚು ಕಷ್ಟಪಟ್ಟಿದ್ದೆವು. ಕಬ್ಬೂರಿನ ತೋಟದಿಂದ ಡಾಂಬರು ರಸ್ತೆಯವರೆಗೆ ಚಪ್ಪಲಿ ಕೈಯಲ್ಲಿ ಹಿಡಿದು ಕೆಸರು ತುಳಿದು, ಚಿಕ್ಕೋಡಿಯವರೆಗೆ ಬಸ್ಸಿನಲ್ಲಿ ನಿಂತೇ ಹೋಗಿ ಪಡೆದದ್ದು ಅದು. ಆದರೂ ಪದವಿಯ ಕಾಗದ ನೋಡಲು ತೋಟಕ್ಕೆ ಯಾರೂ ಬರಲಿಲ್ಲ. ಬಂದೂಕು ನೋಡಲು ಅಲಖನೂರಿನಿಂದಲೂ ಬಂದರು. ಬಂದವರಿಗೆಲ್ಲ ಚಹಾ ಮಾಡಿದವಳು ನಾನು. ಆದ್ದರಿಂದ ಈ ಹೋಲಿಕೆ ಮಾಡುವ ಹಕ್ಕು ನನಗಿದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ರಾಯಬಾಗದ ಹೈಸ್ಕೂಲೊಂದರಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ರಜೆ ಸಿಕ್ಕಾಗ ತೋಟಕ್ಕೆ ಬರುತ್ತಿದ್ದೆ. ಊರು ಬಿಟ್ಟು ಹೊಲದಲ್ಲೇ ಕಟ್ಟಿಕೊಂಡ ಮನೆಗೆ ನಮ್ಮ ಕಡೆ ತೋಟದ ಮನೆ ಎನ್ನುತ್ತಾರೆ. ಸುತ್ತಲೂ ಕಬ್ಬು. ಕಬ್ಬು ಎದೆಯ ಎತ್ತರ ದಾಟಿ ಬೆಳೆದರೆ ನೆರೆಮನೆ ಕಾಣುವುದಿಲ್ಲ, ಕೂಗಿದರೆ ಕೇಳುತ್ತದೆ ಅಷ್ಟೆ. ಆ ನೆರೆಮನೆಗೆ ಒಮ್ಮೆ ಕಳ್ಳರು ನುಗ್ಗಿದರು. ಗಂಡ ಹೆಂಡತಿ ಇಬ್ಬರನ್ನೂ ಕಂಬಕ್ಕೆ ಕಟ್ಟಿದರು. ಬಂಗಾರ ತೆಗೆದುಕೊಂಡರು, ಪಂಪಿನ ಸ್ಟಾರ್ಟರ್ ತೆಗೆದುಕೊಂಡರು, ಆಮೇಲೆ ಕುಳಿತು ಬುಟ್ಟಿಯಲ್ಲಿದ್ದ ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ಉಂಡರು. ಚಟ್ನಿಗೆ ಉಪ್ಪು ಕಡಿಮೆಯಾಗಿದೆ ಎಂದು ಹೇಳಿ ಹೋದರಂತೆ. ಆ ಮನೆಯಾಕೆ ಬಂಗಾರದ ದುಃಖವನ್ನು ಬೇಗ ಮರೆತಳು. ಉಪ್ಪಿನ ಮಾತನ್ನು ಮರೆಯಲಿಲ್ಲ.

ಅದಾದ ಮೇಲೆ ಅಪ್ಪ, ಊರೊಳಗಿನ ಹಿರಿಯರ ಮನೆಗೆ ಮರಳಿ ಹೋಗೋಣ ಎಂದ. ಹಿರಿಯರ ಮನೆ ಎಂದರೆ ದೊಡ್ಡವ್ವನ ಮನೆ. ಅಪ್ಪನ ಅಣ್ಣನ ಹೆಂಡತಿ ಅವಳು. ಅವ್ವ ಮದುವೆಯಾಗಿ ಬಂದಾಗಿನಿಂದ ನಾನು ಕನ್ನಡ ಶಾಲೆ ಮುಗಿಸುವವರೆಗೆ ನಾವು ಅಲ್ಲೇ ಇದ್ದೆವು. ಅಲ್ಲಿ ಉಪ್ಪಿನ ಡಬ್ಬಿಯ ಮುಚ್ಚಳ ತೆಗೆಯಬೇಕಾದರೂ ಅವ್ವ ದೊಡ್ಡವ್ವನನ್ನು ಕೇಳಬೇಕಿತ್ತು. ತೋಟದಲ್ಲಿ ಮನೆ ಕಟ್ಟೋಣ ಎಂದು ವರ್ಷಗಟ್ಟಲೆ ಅಪ್ಪನ ಬೆನ್ನು ಹತ್ತಿದವಳು ಅವ್ವ. ಇಟ್ಟಿಗೆ ಹೊತ್ತವಳೂ ಅವಳೇ. ಮನೆ ಸಣ್ಣದು, ಆದರೆ ಒಲೆ ಅವಳದು.

"ನಾ ಬರಾಂಗಿಲ್ಲ," ಎಂದಳು ಅವ್ವ.

"ಕಳ್ಳರ ಬಂದ್ರ ಏನ ಮಾಡತಿ?"

"ಚಟ್ನ್ಯಾಗ ಉಪ್ಪ ಸರಿ ಹಾಕಿ ಇಟ್ಟಿರತೀನಿ."

"ಚ್ಯಾಷ್ಟಿ ಬ್ಯಾಡ. ಇಲ್ಲೇ ಇರೂದಂದ್ರ ಬಂದೂಕ ತರಬೇಕು. ಬ್ಯಾಡಂದ್ರ ಊರಿಗೆ ನಡಿ. ಎರಡರಾಗ ಒಂದ ಹೇಳು."

ನಾವು ಜೈನರು. ಅವ್ವ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವವಳು. ಬಟ್ಟೆಯಲ್ಲಿ ಉಳಿದ ಜೀವಗಳು ಸಾಯಬಾರದೆಂದು ಅದನ್ನು ಮತ್ತೆ ಬಾವಿಯ ನೀರಿನಲ್ಲೇ ಜಾಲಿಸುವವಳು. ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕದವಳು. ಅವಳಿಗೆ ಎರಡೂ ಕಡೆ ನರಕವೇ: ಬಂದೂಕಿನದು ಸತ್ತ ಮೇಲೆ, ದೊಡ್ಡವ್ವನದು ನಾಳೆಯಿಂದ.

ಆ ವರ್ಷ ಚಾತುರ್ಮಾಸಕ್ಕೆ ನಮ್ಮ ಬಸದಿಯಲ್ಲಿ ಮುನಿ ಮಹಾರಾಜರೊಬ್ಬರು ತಂಗಿದ್ದರು. ಅವ್ವ ನನ್ನನ್ನು ಕರೆದುಕೊಂಡು ಅವರ ಹತ್ತಿರ ಹೋದಳು. ಎಲ್ಲ ಹೇಳಿದಳು, ದೊಡ್ಡವ್ವನ ಸುದ್ದಿ ಒಂದು ಬಿಟ್ಟು. ಮಹಾರಾಜರು ಕಣ್ಣು ಮುಚ್ಚಿ ಕೇಳಿದರು.

"ಬೇಕಂತ ಜೀವಾ ತಗಿಯೂದು ಸಂಸಾರಸ್ಥರಿಗೂ ಪಾಪ," ಎಂದರು. "ಮೈಮ್ಯಾಲೆ ಬಂದವರನ್ನ ತಡಿಯೂದು ಬ್ಯಾರೆ. ಅದನ್ನ ಪೂರಾ ಬಿಡೂದು ಸಂಸಾರಸ್ಥರಿಗೆ ಆಗೂದಿಲ್ಲ. ಆದ್ರ ಅದರಾಗ ಅಂಜಿಕಿ ಎಷ್ಟ, ಸಿಟ್ಟ ಎಷ್ಟ, ಅದನ್ನ ನೀವ ತೂಕಾ ಮಾಡ್ಕೋಬೇಕು."

"ಬರೇ ಸಪ್ಪಳ ಮಾಡಿದ್ರ?"

ಮಹಾರಾಜರು ಕಣ್ಣು ತೆರೆದರು. "ಹಕ್ಕಿ ಹೆದರತಾವ," ಎಂದರು.

ಯಾವ ಜೀವಕ್ಕೂ ಗುರಿ ಹಿಡಿಯುವುದಿಲ್ಲ ಎಂದು ಅವ್ವ ಅಲ್ಲೇ ನಿಯಮ ಮಾಡಿಕೊಂಡು ಬಂದಳು. ಬಂದೂಕು ಬರಲಿ, ಬರೀ ಆಕಾಶಕ್ಕೆ.

ಲೈಸನ್ಸಿನ ಅರ್ಜಿಯನ್ನು ನಾನೇ ಬರೆದೆ, ಅಪ್ಪನ ಹೆಸರಿನಲ್ಲಿ. ಬೇರೆ ಹೆಸರು ಯಾರಿಗೂ ಹೊಳೆದಿರಲಿಲ್ಲ. ವಿಚಾರಣೆಗೆ ಪೊಲೀಸ್ ಠಾಣೆಯ ಜಮಾದಾರರು ಸೈಕಲ್ ಮೇಲೆ ಬಂದರು. ಅಪ್ಪ ಕಬ್ಬಿಗೆ ನೀರು ಹಾಯಿಸಲು ಹೋಗಿದ್ದ. ಮತ್ತೆ ಬಂದರು, ಅಪ್ಪ ಎತ್ತು ನೋಡಲು ಏಕಸಂಬಿಗೆ ಹೋಗಿದ್ದ. ಇನ್ನೊಮ್ಮೆ ಬಂದಾಗ ಕಬ್ಬಿನ ಗಾಡಿಯ ಜೊತೆ ಫ್ಯಾಕ್ಟರಿಗೆ ಹೋಗಿದ್ದ. ಜಮಾದಾರರು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟರು.

"ಅಕ್ಕಾರ, ನಿಮ್ಮ ಯಜಮಾನ್ರು ಮನ್ಯಾಗ ಇರೂದು ಯಾವಾಗ?"

"ಉಣ್ಣೂ ಹೊತ್ತಿಗೆ ಇರತಾರ್ರಿ."

"ಮತ್ತ ಈ ಬಂದೂಕ ಹಿಡಿಯಾವ್ರು ಯಾರು?"

ಅವ್ವ ಎಮ್ಮೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ನಾನು," ಎಂದಳು.

ನಾನು ಹೊಸ ಅರ್ಜಿ ಬರೆದೆ. ತಾಲ್ಲೂಕು ಕಚೇರಿಯಲ್ಲಿ ಅದನ್ನು ಓದಿದವರು ಇನ್ನೊಬ್ಬರನ್ನು ಕರೆದು ಓದಿಸಿದರು. ಅವರು ಮತ್ತೊಬ್ಬರನ್ನು ಕರೆದರು. ಹೀಗೆ ಎಲ್ಲರೂ ಓದಿ ಮುಗಿಸಲು ಒಂದು ಸುಗ್ಗಿ ಹಿಡಿಯಿತು. ಲೈಸನ್ಸು ಬಂತು.

ಬೆಳಗಾವಿಯ ಬಂದೂಕಿನ ಅಂಗಡಿಗೆ ಮೂವರೂ ಹೋದೆವು. ಅಂಗಡಿಯವನು "ಬರ್ರಿ ಪಾವಣೆರ," ಎಂದು ಅಪ್ಪನಿಗೆ ಕುರ್ಚಿ ಕೊಟ್ಟು ಜೋಡುನಳಿಗೆಯ ಬಂದೂಕು ಕೈಗಿಟ್ಟ. ಅಪ್ಪ ಅದನ್ನು ಹಾರೆ ಹಿಡಿದಂತೆ ಹಿಡಿದು, "ನನಗಲ್ರಿ, ಇವರಿಗೆ," ಎಂದು ಅವ್ವನಿಗೆ ಕೊಟ್ಟ. ಅಂಗಡಿಯವನು ಅವ್ವನನ್ನು ನೋಡಿ, ಲೈಸನ್ಸ್ ನೋಡಿ, ಮತ್ತೆ ಅವ್ವನನ್ನು ನೋಡಿದ.

"ಅಕ್ಕಾರ, ಇದು ಹಿಂದಕ್ಕ ಒದಿತೈತ್ರಿ."

"ನಮ್ಮ ಎಮ್ಮಿನೂ ಒದಿತೈತಿ."

ಅಪ್ಪನಿಗೆ ಜೋಡುನಳಿಗೆಯೇ ಬೇಕಾಗಿತ್ತು. "ಗ್ವಾಡಿಗೆ ಹಾಕಿದ್ರ ಚಂದ ಕಾಣತೈತಿ," ಎಂದ. ಅವ್ವ ಅದನ್ನು ಭುಜಕ್ಕೆ ಏರಿಸಿ ನೋಡಿದಳು. ಮುಂದಿನ ತುದಿ ತಾನಾಗಿ ಕೆಳಗೆ ಬಾಗಿತು.

"ಯಾವದು ಜೋರ ಸಪ್ಪಳ ಮಾಡತೈತ್ರಿ?" ಎಂದು ಕೇಳಿದಳು.

"ಕಾಡತೂಸ ಒಂದ ನಮೂನಿದಿದ್ರ ಸಪ್ಪಳಾನೂ ಒಂದೇರಿ."

"ಹಂಗಾರ ಹಗರಂದು ಕೊಡ್ರಿ."

ಒಂಟಿನಳಿಗೆ ಖರೀದಿಯಾಯಿತು. ಅಂಗಡಿಯವನು ಹೆಗಲಿಗೆ ಹಾಕಿಕೊಳ್ಳುವ ಚರ್ಮದ ಪಟ್ಟಿಯನ್ನು ಪುಕ್ಕಟೆ ಕೊಡಲು ಬಂದ. ಅವ್ವ ಎರಡು ಹೆಜ್ಜೆ ಹಿಂದೆ ಸರಿದಳು. ಬಂದೂಕಿಗೆ ಹಚ್ಚುವ ಎಣ್ಣೆಯ ಸೀಸೆ ಕೊಟ್ಟ. "ಎದರಿಂದ ಮಾಡ್ಯಾರ?" ಎಂದು ಕೇಳಿದಳು. ಅವನು ಸೀಸೆ ತಿರುಗಿಸಿ ತಿರುಗಿಸಿ ನೋಡಿದ. ಬರೆದಿರಲಿಲ್ಲ. ಸೀಸೆ ಅಲ್ಲೇ ಉಳಿಯಿತು.

ಇನ್ನು ಅಳತೆ. ಬಂದೂಕಿನ ಹಿಂಬದಿಯ ಕಟ್ಟಿಗೆಗೆ ದಸ್ತಾ ಎನ್ನುತ್ತಾರೆ. ಅದು ಅವ್ವನಿಗೆ ಉದ್ದವಾಗುತ್ತಿತ್ತು. ಭುಜಕ್ಕಿಟ್ಟರೆ ಬೆರಳು ಕುದುರೆಗೆ, ಅಂದರೆ ಗುಂಡು ಹಾರಿಸಲು ಎಳೆಯುವ ಕೊಕ್ಕೆಗೆ, ಮುಟ್ಟುತ್ತಿರಲಿಲ್ಲ. ರಾಯಬಾಗದಲ್ಲಿ ಬಾಗಿಲು, ಮಂಚ ಮಾಡುವ ಬಡಿಗನೊಬ್ಬ ದಸ್ತಾದ ಕೆಲಸವನ್ನೂ ಮಾಡುತ್ತಿದ್ದ. ಮೊಣಕೈ ಮಡಚಿ, ದಸ್ತಾದ ಬುಡವನ್ನು ಆ ಮಡಿಕೆಯಲ್ಲಿಟ್ಟು, ಬೆರಳು ಎಲ್ಲಿಗೆ ಬರುತ್ತದೆಂದು ನೋಡಬೇಕು. ಹೆಂಗಸಿನ ಕೈ ಮುಟ್ಟಲು ಅವನಿಗೆ ಸಂಕೋಚ. ಅಳತೆಯ ದಾರವನ್ನು ನನ್ನ ಕೈಗೆ ಕೊಟ್ಟು, ತಾನು ಬೀದಿಯ ಕಡೆ ಮುಖ ಮಾಡಿ ನಿಂತ.

"ಇಷ್ಟ ಗಿಡ್ಡ ಮಾಡಿದ್ರ ಯಜಮಾನ್ರ ಕೈಗೆ ಬರಾಂಗಿಲ್ಲ ನೋಡ್ರಿ," ಎಂದ ಬೀದಿಗೆ.

"ಅವರಿಗೆ ಕುಡಗೋಲ ಐತಿ," ಎಂದಳು ಅವ್ವ.

ಅವನು ಕೊಯ್ದ. ಒದೆತ ತಾಳಲು ಬುಡಕ್ಕೆ ಮೆತ್ತನೆಯದೊಂದು ಬೇಕು. ಚರ್ಮ ಬೇಡ ಎಂದದ್ದಕ್ಕೆ ಟ್ರ್ಯಾಕ್ಟರಿನ ಹಳೆಯ ಟ್ಯೂಬಿನ ರಬ್ಬರನ್ನು ಪದರ ಪದರವಾಗಿ ಜೋಡಿಸಿದ. ಅಂಟಿಸಲು ಸರೇಸು ಕಾಯಿಸತೊಡಗಿದ. ಸರೇಸು ದನದ ಚರ್ಮದಿಂದ ಆಗುತ್ತದೆ ಎಂಬುದು ಅವ್ವನಿಗೆ ಗೊತ್ತಿತ್ತು. ಅವನು ಸರೇಸಿನ ಡಬ್ಬಿ ಕೆಳಗಿಳಿಸಿ ಸ್ಕ್ರೂ ಹುಡುಕಿದ. ಹೆಗಲಿಗೆ ಚರ್ಮದ ಪಟ್ಟಿಯ ಬದಲು ಮಂಚಕ್ಕೆ ಹೆಣೆಯುವ ನವಾರದ ಪಟ್ಟಿ ಬಂತು. ಎಣ್ಣೆ ಮನೆಯದೇ, ನಮ್ಮದೇ ಶೇಂಗಾದ್ದು, ಗಾಣದಿಂದ ತೆಗೆಸಿದ್ದು. ಅವ್ವ ಬಂದೂಕಿನ ಒಳಗೂ ಹೊರಗೂ ಧಾರಾಳವಾಗಿ ಹಚ್ಚಿದಳು.

ಕೆಲವು ದಿನ ಬಂದೂಕಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಆಮೇಲೆ ಇರುವೆ ಬಂದವು. ಇರುವೆ ಕೊಲ್ಲುವಂತಿಲ್ಲ. ಅವ್ವ ನಳಿಗೆಯನ್ನು ಊದಿ ಊದಿ ಅವುಗಳನ್ನು ಹೊರಗೆ ಕಳಿಸುತ್ತಿದ್ದಳು. ಬಾಗಿಲ ಹೊರಗೆ ಅವುಗಳಿಗೆಂದು ಸಕ್ಕರೆಯನ್ನೂ ಇಟ್ಟಳು. ಊರಲ್ಲಿ ಇದು ಸುದ್ದಿಯಾಯಿತು. ಬಂದೂಕು ತಂದು ತಿಂಗಳುಗಳಾದರೂ ಒಮ್ಮೆಯೂ ಹಾರಿದ್ದು ಯಾರೂ ಕೇಳಿರಲಿಲ್ಲ. ಜನ ನಗುತ್ತಾರೆ ಎಂದರೆ ಕಳ್ಳರೂ ನಗುತ್ತಾರೆ ಎಂಬ ಚಿಂತೆ ಅಪ್ಪನಿಗೆ ಹತ್ತಿತು.

ಒಂದು ಮಧ್ಯಾಹ್ನ ದೊಡ್ಡಪ್ಪ, ದೊಡ್ಡವ್ವ ಎತ್ತಿನ ಗಾಡಿ ಹೂಡಿಕೊಂಡೇ ಬಂದರು. ಗಾಡಿ ಖಾಲಿಯಿತ್ತು. ನಮ್ಮ ಸಾಮಾನು ಹೇರಲು ತಂದದ್ದು ಅದು.

"ಸಾಕ ಬಾ ತಂಗಿ," ಎಂದಳು ದೊಡ್ಡವ್ವ. "ಎಣ್ಣಿ ಕುಡಿಯೂ ಬಂದೂಕ ಕಟಗೊಂಡ ಯಾಕ ಅಂಜಿ ಅಂಜಿ ಇರತೀರಿ? ಅಡಗಿ ಮನ್ಯಾಗ ನನಗೂ ಕೈ ಸೋತಾವ."

ಅಪ್ಪ ನೆಲ ನೋಡುತ್ತ ಹೇಳಿದ: "ಒಂದ ಸಲ ಹಾರಿಸಿ ತೋರಸು. ಹಾರಿದ್ರ ಇಲ್ಲೇ ಇರೂಣು. ಇಲ್ಲಂದ್ರ ಗಾಡಿ ಬಂದೈತಿ, ಏರು."

ಅವ್ವ ಬಂದೂಕು ತಂದಳು. ಕಾಡತೂಸು ಹಾಕಲು ಅದನ್ನು ನಡುವಿನ ಕೀಲಿನಲ್ಲಿ ಮುರಿದು ತೆರೆಯಬೇಕು. ಮುರಿಯಲಿಲ್ಲ. ಶೇಂಗಾ ಎಣ್ಣೆ ಒಣಗಿ ಅಂಟಾಗಿ, ಬೇಡವೆಂದ ಸರೇಸಿನ ಕೆಲಸವನ್ನು ತಾನೇ ಮಾಡಿತ್ತು. ಅಪ್ಪ ಜಗ್ಗಿದ, ದೊಡ್ಡಪ್ಪ ಜಗ್ಗಿದ. ದೊಡ್ಡವ್ವ ಕಾಯಲಿಲ್ಲ. ಒಳಗೆ ಹೋಗಿ ಉಪ್ಪಿನ ಡಬ್ಬಿ ತಂದು ಗಾಡಿಯಲ್ಲಿಟ್ಟಳು. ಅಷ್ಟು ಪಾತ್ರೆಗಳಲ್ಲಿ ಮೊದಲು ಅದನ್ನೇ.

ಅವ್ವ ಅದನ್ನು ನೋಡಿದಳು. ಸ್ಟೋವಿನಿಂದ ಸೀಮೆಎಣ್ಣೆ ಬಗ್ಗಿಸಿಕೊಂಡು, ಹೊಲಿಗೆ ಯಂತ್ರ ಗಟ್ಟಿಯಾದಾಗ ಮಾಡುವಂತೆ, ಚಿಂದಿ ಅದ್ದಿ ಅದ್ದಿ ಸಂದಿಗಳನ್ನು ಒರೆಸಿದಳು. ದೊಡ್ಡವ್ವ ಹಿಟ್ಟಿನ ಡಬ್ಬಿಯ ಹತ್ತಿರ ಬರುವಷ್ಟರಲ್ಲಿ ಬಂದೂಕು ಕಟಕ್ಕೆಂದು ಮುರಿಯಿತು. ಅವ್ವ ನಳಿಗೆಯಲ್ಲಿ ಕಣ್ಣಿಟ್ಟು ಇರುವೆ ಇಲ್ಲವೆಂದು ನೋಡಿ, ಒರೆಸಿ, ಕಾಡತೂಸು ಹಾಕಿ ಅಂಗಳಕ್ಕೆ ಬಂದಳು. ಬೇವಿನ ಮರದ ತುಂಬ ಗುಬ್ಬಿಗಳಿದ್ದವು.

"ಚಪ್ಪಾಳಿ ಹೊಡೀರಿ," ಎಂದಳು.

"ಯಾಕ?"

"ಹಕ್ಕಿ ಹೋಗಲಿ. ನನ್ನ ಕೈ ಖಾಲಿ ಇಲ್ಲ."

ಅಪ್ಪ ಹೊಡೆದ, ನಾನು ಹೊಡೆದೆ, ದೊಡ್ಡಪ್ಪ ಹೊಡೆದ. ಕೊನೆಗೆ ದೊಡ್ಡವ್ವನೂ ಹಿಟ್ಟಿನ ಡಬ್ಬಿ ಕೆಳಗಿಟ್ಟು ಹೊಡೆದಳು. ಗುಬ್ಬಿ ಎದ್ದವು. ಒಂದು ಮರಳಿ ಬಂದು ಕುಳಿತಿತು; ಅದಕ್ಕಾಗಿ ಮತ್ತೆ ಹೊಡೆದೆವು. ಮರ ಖಾಲಿಯಾದ ಮೇಲೆ ಅವ್ವ ಆಕಾಶಕ್ಕೆ ಎತ್ತಿ, ಕಣ್ಣು ಮುಚ್ಚಿ, ಬಾಯಲ್ಲಿ ಣಮೋಕಾರ ಮಂತ್ರ ಅನ್ನುತ್ತ ಕುದುರೆ ಎಳೆದಳು.

ಟ್ರ್ಯಾಕ್ಟರಿನ ಟ್ಯೂಬು ತನ್ನ ಕೆಲಸ ಮಾಡಿತು. ಅವ್ವ ಒಂದು ಹೆಜ್ಜೆ ಹಿಂದೆ ಬಂದಳು, ಅಷ್ಟೆ. ಎತ್ತುಗಳಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಅವು ಗಾಡಿ ಸಮೇತ ಕಬ್ಬೂರಿನ ದಾರಿ ಹಿಡಿದವು. ಅಪ್ಪ, ದೊಡ್ಡಪ್ಪ ಬೆನ್ನು ಹತ್ತಿ ಓಡಿದರು.

ಹೊತ್ತು ಇಳಿಯುತ್ತಿತ್ತು. ಗಾಡಿ ಮರಳುವ ಲಕ್ಷಣ ಇರಲಿಲ್ಲ. ಹೊತ್ತು ಮುಳುಗುವ ಮೊದಲು ಉಣ್ಣಬೇಕಲ್ಲ. ಅವ್ವ ತನ್ನ ಒಲೆ ಹೊತ್ತಿಸಿ ರೊಟ್ಟಿ ತಟ್ಟಿ ಬೇಳೆ ಮಾಡಿ ದೊಡ್ಡವ್ವನಿಗೆ ಬಡಿಸಿದಳು. ದೊಡ್ಡವ್ವ ಎರಡು ತುತ್ತು ಉಂಡಳು.

"ಉಪ್ಪ ಬಿದ್ದಿಲ್ಲ," ಎಂದಳು.

"ನಿಮ್ಮ ಗಾಡ್ಯಾಗ ಐತ್ರಿ ಅಕ್ಕಾರ," ಎಂದಳು ಅವ್ವ, ಇನ್ನೊಂದು ರೊಟ್ಟಿ ಹಾಕುತ್ತ.

ಡಬ್ಬಿ ಮರುದಿನ ಬಂತು. ದೊಡ್ಡಪ್ಪನೇ ತಂದು ಕಟ್ಟೆಯ ಮೇಲಿಟ್ಟು, ಒಳಗೆ ಬರದೆ ಹೋದ. ಕಳ್ಳರು ನಮ್ಮ ಮನೆಗೆ ಬರಲೇ ಇಲ್ಲ. ತೊಂಬತ್ತರ ದಶಕದಲ್ಲಿ ಚುನಾವಣೆಗಳು ಮೇಲಿಂದ ಮೇಲೆ ಬಂದವು. ಬಂದಾಗಲೆಲ್ಲ ಬಂದೂಕನ್ನು ಠಾಣೆಗೆ ಒಪ್ಪಿಸಬೇಕಿತ್ತು. ಅವ್ವ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ದು ಕೊಟ್ಟು, ಯಾರೂ ಶೇಂಗಾ ಎಣ್ಣೆ ಹಚ್ಚಬಾರದೆಂದು ಹೇಳಿ ಬರುತ್ತಿದ್ದಳು. ಹೀಗಾಗಿ ಬಂದೂಕು ನಮ್ಮ ಮನೆಯಲ್ಲಿ ಇದ್ದುದಕ್ಕಿಂತ ಠಾಣೆಯಲ್ಲಿ ಇದ್ದದ್ದೇ ಹೆಚ್ಚೇನೋ. ಆ ದಿನಗಳಲ್ಲೂ ಅವ್ವ ತೋಟದಲ್ಲೇ ಇದ್ದಳು. ಊರಿಗೆ ಬಾ ಎಂದು ಯಾರೂ ಕರೆಯಲಿಲ್ಲ.